ನೋಡದೆ ಕೊಟ್ಟ ಐದು ಸ್ಟಾರ್

ನಮ್ಮ ಊರಿನ ಟಾಕೀಸಿನಲ್ಲಿ ಇನ್ನೂರ ಹನ್ನೆರಡು ಕುರ್ಚಿಗಳಿವೆ. ಯಾರಾದರೂ ಸಿನಿಮಾ ನೋಡದೆ ಫೋನಿನಲ್ಲಿ ಅದಕ್ಕೆ ಸ್ಟಾರ್ ಒತ್ತಿದರೆ ಅವುಗಳಲ್ಲೊಂದು ಠಪ್ಪೆಂದು ಮಡಚಿಕೊಳ್ಳುತ್ತದೆ. ಬಡಗಿ ಚನ್ನಾಚಾರಿ ಒಮ್ಮೆ ಹಾರೆ ತಂದು ಮೀಟಿ ನೋಡಿದ, ಹಾರೆ ಬಾಗಿತು. ಒತ್ತಿದವರೇ ಬಂದು, ಆ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಹೆಸರು ಬೀಳುವಲ್ಲಿಂದ ಶುಭಂವರೆಗೆ ಸಿನಿಮಾ ನೋಡಬೇಕು, ಆಗ ತೆರೆಯುತ್ತದೆ. ಇಲ್ಲದಿದ್ದರೆ ಗುರುವಾರ ಆ ಸಿನಿಮಾ ಎತ್ತಿದ ಮೇಲೆ ಶುಕ್ರವಾರ ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ತಾನಾಗಿ ತೆರೆದುಕೊಂಡಿರುತ್ತದೆ. ಯಾವ ಊರಲ್ಲಿ ಕೂತು ಒತ್ತಿದರೂ ಮುಚ್ಚುವುದು ನಮ್ಮೂರಿನ ಕುರ್ಚಿಯೇ. ಇದು ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಮಗೆ ಕೇಳಬೇಕೆನಿಸುವುದಿಲ್ಲ, ನಾವು ಮನೆಯಿಂದ ಚಾಪೆ ತರುತ್ತೇವೆ.

ನಾನು ಇಂದ್ರಾಣಿ. ಅಲ್ಲಿ ಗೇಟಿನಲ್ಲಿ ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಕೂರಿಸುವವಳು. ಇಪ್ಪತ್ತೆರಡು ವರ್ಷವಾಯಿತು. ಮುಚ್ಚಿದ ಕುರ್ಚಿಯ ಬೆನ್ನಿನ ಮೇಲೆ, ಧೂಳಿನಲ್ಲಿ ಬೆರಳಾಡಿಸಿ ಬರೆದ ಹಾಗೆ, ಒತ್ತಿದವರ ಹೆಸರು ಅವರದೇ ಅಕ್ಷರದಲ್ಲಿ ಮೂಡುತ್ತದೆ. ಫೋನಿನಲ್ಲಿ ಸಿಂಹ, ಹುಲಿ ಎಂದು ಏನೇ ಹೆಸರಿಟ್ಟುಕೊಂಡಿರಲಿ, ಕುರ್ಚಿಯ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರೇ. ಕತ್ತಲೆಯ ಹಾಲಿನಲ್ಲಿ ಅದನ್ನು ಓದುವುದು ಟಾರ್ಚ್ ಹಿಡಿದವಳು ಮಾತ್ರ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಟಾಕೀಸಿನ ಸಾಹುಕಾರರು ಹೇಳಿದ್ದರು, ಓದಿಕೋ, ಆದರೆ ಯಾರಿಗೂ ಹೇಳಬೇಡ ಎಂದು. ಹಾಗಾಗಿ ಗಂಡು ನೋಡಲು ಹೊರಟ ಹೆಂಗಸರು ನನ್ನ ಹತ್ತಿರ ಬಂದು, "ಆ ಹುಡುಗನ ಕುರ್ಚಿ ಯಾವತ್ತಾದ್ರೂ ಮುಚ್ಚಿತ್ತಾ ಇಂದ್ರಾಣಮ್ಮ?" ಎಂದು ಕೇಳಿದರೆ, "ನನಗೇನು ಗೊತ್ತು ತಾಯಿ, ನನಗೆ ಕಣ್ಣು ಮಂಜು" ಎನ್ನುತ್ತೇನೆ. ಊರಿನ ಅರ್ಧ ಜನರ ಸುಳ್ಳು ನನಗೆ ಗೊತ್ತು. ಬೇರೆಯವರ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಸ್ನೇಹಿತರು ಕಡಿಮೆ. ಎದುರಿಗೆ ಬಂದವರು ನಗುತ್ತಾರೆ, ನಿಲ್ಲುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ, ಒಂದು ಪಾವು ಅಕ್ಕಿ ಎರಡು ಹೊತ್ತಿಗೆ ಬರುತ್ತದೆ.

ನನಗೊಬ್ಬಳು ತಂಗಿ ಇದ್ದಾಳೆ, ವನಮಾಲ. ಅಮ್ಮ ಸತ್ತಾಗ ಅವಳಿಗೆ ಆರು, ನನಗೆ ಹದಿನೇಳು. ಅಪ್ಪ ಇದ್ದೂ ಇಲ್ಲದವರು. ನಾನೇ ಸಾಕಿದೆ, ನಾನೇ ಹೊಡೆದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ನಾಟಕದವರ ಬಸ್ಸು ಹತ್ತಿ ಹೋದಳು. ಆಮೇಲೆ ಇಪ್ಪತ್ತಾರು ವರ್ಷ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಸಿನಿಮಾ ಸೇರಿದಳಂತೆ, ಕಥೆ ಬರೆಯುತ್ತಾಳಂತೆ ಎಂದು ಬಂದವರು ಹೇಳುತ್ತಿದ್ದರು. ನಾನು ಕೇಳಿಯೂ ಕೇಳದವಳ ಹಾಗೆ ಟಿಕೆಟ್ ಹರಿಯುತ್ತಿದ್ದೆ.

ಒಂದು ಗುರುವಾರ ಟಾಕೀಸಿನ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದರು. ಒಂದು ಉದ್ದನೆಯ ಜಡೆ, ಕೆಳಗೆ ಸಿನಿಮಾದ ಹೆಸರು: ಮೊಣಕಾಲುದ್ದ. ಅದರ ಕೆಳಗೆ, ಕಥೆ ಮತ್ತು ನಿರ್ದೇಶನ, ವನಮಾಲ. ಪೋಸ್ಟರಿನ ಮುಂದೆ ನಿಂತೆ. ಅದು ಯಾರ ಜಡೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ವನಮಾಲಳಿಗೆ ಹದಿನೈದಾಗಿದ್ದಾಗ, ಸ್ಕೂಲಿಗೆ ಹೋಗುತ್ತೇನೆಂದು ಹೇಳಿ ನಾಟಕದ ಮನೆಗೆ ಹೋಗಿದ್ದಳೆಂದು ನಾನು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ, ಬಟ್ಟೆ ಕತ್ತರಿಸುವ ಕತ್ತರಿಯಿಂದ ಅವಳ ಜಡೆಯನ್ನು ಕತ್ತಿನ ಹತ್ತಿರಕ್ಕೆ ಕತ್ತರಿಸಿದ್ದೆ. ಮೊಣಕಾಲು ಮುಟ್ಟುವ ಕೂದಲು. ಅಮ್ಮ ಎಣ್ಣೆ ಹಚ್ಚಿ ಬೆಳೆಸಿದ ಕೂದಲು. ಇನ್ನು ಅದನ್ನು ಊರವರೆಲ್ಲ ಪರದೆಯ ಮೇಲೆ ನೋಡುತ್ತಾರೆ ಎಂದುಕೊಂಡೆ.

ಅವತ್ತು ಸಂಜೆಯೇ ಸಾಹುಕಾರರು ನನ್ನನ್ನು ಕರೆದರು. "ನಿಮ್ಮ ತಂಗಿ ಫೋನ್ ಮಾಡಿದ್ರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಬರ್ತಾರಂತೆ. ಮೈಕು, ಹಾರ ಏನೂ ಬೇಡ, ಜನರ ಮಧ್ಯೆ ಕೂತು ನೋಡೋಕೆ ಒಂದು ಕುರ್ಚಿ ಸಾಕು ಅಂದ್ರು."

"ನನ್ನ ಕೇಳಿದ್ಲಾ?"

ಸಾಹುಕಾರರು ಕನ್ನಡಕ ಒರೆಸಿಕೊಂಡರು. "ಅದೇನೂ ಕೇಳ್ಲಿಲ್ಲಮ್ಮ."

ಕೇಳದಿದ್ದರೆ ಬೇಡ, ಅವಳು ಬಂದರೆ ಸಾಕು ಎನಿಸಿತು. ಬಂದರೆ ಗೇಟಿನಲ್ಲಿ ನಾನಿರುತ್ತೇನೆ, ಟಾರ್ಚ್ ಬಿಟ್ಟು ಕೂರಿಸುವವಳು ನಾನೇ. ನಾನು ತೋರಿಸಿದ ಕುರ್ಚಿಯಲ್ಲಿ ಅವಳು ಎರಡೂವರೆ ಗಂಟೆ ಕೂರುತ್ತಾಳೆ. ಹೊಸ ಬಟ್ಟೆಯ ತುಂಡೊಂದನ್ನು ಒದ್ದೆ ಮಾಡಿಕೊಂಡು ಹೋಗಿ, ಆರನೇ ಸಾಲಿನ ದಾರಿಯ ಪಕ್ಕದ ಕುರ್ಚಿಯನ್ನು ಎರಡು ಸಲ ಒರೆಸಿದೆ.

ಶುಕ್ರವಾರ ನಾಲ್ಕು ಆಟ. ಮೊದಲ ಆಟದಲ್ಲಿ ಬಾಗಿಲ ಪಕ್ಕ ನಿಂತು ನೋಡತೊಡಗಿದೆ. ಸ್ವಲ್ಪ ಹೊತ್ತಿನಲ್ಲೇ ಅಡುಗೆಮನೆ ಬಂತು, ಗೋಡೆಯ ಮೊಳೆಗೆ ನೇತುಹಾಕಿದ್ದ ಕತ್ತರಿ ಬಂತು. ಸಿನಿಮಾದ ಅಕ್ಕ ಅದಕ್ಕೆ ಕೈ ಚಾಚುತ್ತಿದ್ದಂತೆ ನಾನು ಬಾಗಿಲು ತಳ್ಳಿಕೊಂಡು ವರಾಂಡಕ್ಕೆ ಬಂದು ಪೊರಕೆ ಹಿಡಿದೆ. ಗುಡಿಸಿದ ಜಾಗವನ್ನೇ ಗುಡಿಸಿದೆ. ಇಂಟರ್‌ವಲ್ ಆದ ಮೇಲೂ ಒಳಗೆ ಹೋಗಲಿಲ್ಲ. ನಾಲ್ಕು ಆಟದಲ್ಲೂ ಹಾಗೆಯೇ ಮಾಡಿದೆ. ನೋಡಿ ಹೊರಬಂದ ಹೆಂಗಸರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಸೆರಗು ಸರಿಮಾಡಿಕೊಂಡು ಹೋದರು. ಬೈಯುತ್ತಿದ್ದಾರೆ ಎಂದುಕೊಂಡೆ. ಬೈಯಲಿ, ತಪ್ಪು ನನ್ನದೇ.

ಶುಕ್ರವಾರ ರಾತ್ರಿ ಯಾವುದೋ ಚಾನೆಲ್ಲಿನವರು ವನಮಾಲಳನ್ನು ಕೂರಿಸಿ ಮಾತಾಡಿಸಿದರಂತೆ. ಗದೆ ಹಿಡಿದು ನೂರು ಜನರನ್ನು ಹೊಡೆಯುವ ದೊಡ್ಡ ನಟ ಒಬ್ಬನಿದ್ದಾನಲ್ಲ, ಅಭಿಮಾನಿಗಳು ರಣಕೇಸರಿ ಎನ್ನುವವನು, ಅವನ ಹೊಸ ಸಿನಿಮಾ ಹೇಗಿದೆ ಎಂದು ಕೇಳಿದರಂತೆ. ಇವಳು, "ನಾನಿನ್ನೂ ನೋಡಿಲ್ಲ. ನೋಡದೆ ಹೇಗೆ ಹೇಳಲಿ?" ಎಂದಳಂತೆ. ಅಷ್ಟೇ. ನಮ್ಮೂರಿನ ಮಟ್ಟಿಗೆ ಅದಕ್ಕಿಂತ ಸಂಭಾವಿತ ಮಾತು ಇನ್ನೊಂದಿಲ್ಲ. ಆದರೆ ಅಭಿಮಾನಿಗಳಿಗೆ ಅದು, ನಿಮ್ಮ ದೇವರ ಮುಖ ನೋಡಲು ನನಗೆ ಪುರಸೊತ್ತಿಲ್ಲ ಎಂದ ಹಾಗೆ ಕೇಳಿಸಿತು.

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ನಾನು ಹಾಲಿನಲ್ಲಿ ಕಡಲೇಕಾಯಿ ಸಿಪ್ಪೆ ಗುಡಿಸುತ್ತಿದ್ದೆ. ಮೊದಲ ಸಾಲಿನಲ್ಲಿ ಠಪ್ ಎಂದಿತು. ಆಮೇಲೆ ಎರಡನೇ ಸಾಲು. ಆಮೇಲೆ ಬಿಸಿಲಿಗೆ ಹರಡಿದ ಹರಳುಕಾಯಿ ಸಿಡಿದ ಹಾಗೆ ಎಲ್ಲ ಕಡೆಯಿಂದ. ಪೊರಕೆ ಹಿಡಿದು ನಿಂತಲ್ಲೇ ನಿಂತೆ. ಸದ್ದು ನಿಂತ ಮೇಲೆ ಎಣಿಸಿದೆ. ನೂರ ಎಂಬತ್ತು. ಒಂದೊಂದರ ಮೇಲೂ ಟಾರ್ಚ್ ಬಿಟ್ಟೆ. ನಾನು ಕೇಳದ ಊರುಗಳ, ಕೇಳದ ಹೆಸರುಗಳು. ನಡುನಡುವೆ ನಮ್ಮವೂ ಇದ್ದವು. ಬೇಕರಿಯವನು, ಗ್ರಂಥಾಲಯದ ಗುಮಾಸ್ತರು, ನನ್ನ ಪಕ್ಕದ ಮನೆಯ ದೇವಿಪ್ರಸಾದ. ಆ ದೇವಿಪ್ರಸಾದನಿಗೆ ಜ್ವರ ಬಂದಾಗ ನಾನು ಮೂರು ದಿನ ಗಂಜಿ ಕೊಟ್ಟಿದ್ದೆ.

ಇದರ ಮುಖ್ಯಸ್ಥ ರುದ್ರಮುನಿ ಎಂದು ಊರಿಗೆಲ್ಲ ಗೊತ್ತಿತ್ತು. ನಲವತ್ತು ದಾಟಿದ ಆಸಾಮಿ, ಮೊಬೈಲ್ ರಿಪೇರಿ ಅಂಗಡಿ, ಅಭಿಮಾನಿ ಸಂಘದ ಅಧ್ಯಕ್ಷ. ಸಂಜೆ ಅವನ ಅಂಗಡಿಗೆ ಹೋದೆ. ಮೇಜಿನ ಮೇಲೆ ಹದಿನೈದು ಇಪ್ಪತ್ತು ಹಳೇ ಫೋನುಗಳನ್ನು ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಇಟ್ಟುಕೊಂಡಿದ್ದ.

"ಬನ್ನಿ ಇಂದ್ರಾಣಮ್ಮ. ಏನು, ಚಾರ್ಜರ್ ಹೋಯ್ತಾ?"

"ರುದ್ರಮುನಿ, ನೂರ ಎಂಬತ್ತು ಕುರ್ಚಿ ಮುಚ್ಚಿದ್ಯಲ್ಲಪ್ಪ."

"ನಾನೊಬ್ಬನೇ ಎಲ್ಲಿ ಮುಚ್ಚಿದೆ? ಗುಂಪಿಗೆ ಒಂದು ಮೆಸೇಜ್ ಹಾಕಿದೆ. ನಾಲ್ಕು ಗಂಟೆಗೆ ಎಲ್ಲಾ ಒಂದೊಂದು ಸ್ಟಾರ್ ಒತ್ತಿ ಅಂತ. ಜನಕ್ಕೆ ಹೊಟ್ಟೆ ಉರಿದಿತ್ತು, ಒತ್ತಿದ್ರು."

"ಸಿನಿಮಾ ನೋಡಿದ್ಯಾ ನೀನು?"

"ಅದ್ರಲ್ಲಿ ನೋಡೋಕೇನಿದೆ? ಅಳೋದು, ಕೂದ್ಲು, ಅಳೋದು."

"ನಾಳೆ ಅವಳು ಬರ್ತಾಳೆ ಕಣೋ. ನಾನವಳ ಮುಖ ನೋಡಿ ಇಪ್ಪತ್ತಾರು ವರ್ಷ ಆಯ್ತು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಕೆಟ್ಟವನಲ್ಲ ಅವನು, ಗುಂಪಿನಲ್ಲಿದ್ದಾಗ ಮಾತ್ರ ಕೆಟ್ಟವನು. "ಒತ್ತಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲಮ್ಮ. ನಿಮಗೇ ಗೊತ್ತಲ್ಲ, ಎಲ್ಲರೂ ಬಂದು ಕೂತು ನೋಡ್ಬೇಕು. ಯಾರು ಬರ್ತಾರೆ?" ಎಂದವನು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡು ಕೇಳಿದ, "ಅಷ್ಟಕ್ಕೂ ನೀವು ನೋಡಿದ್ರಾ?"

"ದಿನಾ ನಾಲ್ಕು ಆಟ ನೋಡ್ತೀನಿ," ಎಂದೆ.

ಇಪ್ಪತ್ತೆರಡು ವರ್ಷ ಊರವರ ಸುಳ್ಳನ್ನು ಕಾದವಳು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಅಷ್ಟು ಸಲೀಸಾಗಿ ಸುಳ್ಳು ಹೇಳಿ ಬಂದೆ. ಇನ್ನೂ ಮೂವತ್ತೆರಡು ಕುರ್ಚಿ ತೆರೆದಿದ್ದವು. ಆರನೇ ಸಾಲಿನದು ಅವುಗಳಲ್ಲೊಂದು. ಆದರೆ ಫೋನಿನಲ್ಲಿ ವನಮಾಲಳ ಸಿನಿಮಾದ ಹೆಸರಿನ ಪಕ್ಕ ಒಂದೂ ಕಾಲು ಸ್ಟಾರ್ ಎಂದು ತೋರಿಸುತ್ತಿತ್ತು. ಅವಳು ಅದನ್ನು ನೋಡಿರುತ್ತಾಳೆ. ಹುಟ್ಟಿದ ಊರಿನವರೂ ಉಗುಳಿದರು ಎಂದುಕೊಂಡಿರುತ್ತಾಳೆ. ಈ ಊರಿಗೆ ಬರುವ ಮನಸ್ಸಾದರೂ ಅವಳಿಗೆ ಹೇಗೆ ಬಂದೀತು ಎಂದು ನನಗೆ ಹೆದರಿಕೆಯಾಯಿತು.

ಆಗ ನನ್ನ ತಲೆಗೆ ಆ ಯೋಚನೆ ಬಂತು. ನನ್ನ ಅಷ್ಟು ವರ್ಷದ ಕೆಲಸದಲ್ಲಿ, ಐದು ಸ್ಟಾರ್ ಕೊಟ್ಟವರ ಕುರ್ಚಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಹೊಗಳುವ ಅಭಿಮಾನಿಗಳು ಮೊದಲ ಆಟಕ್ಕೇ ಬಂದು ಶಿಳ್ಳೆ ಹೊಡೆದು, ಆಮೇಲೆ ಒತ್ತುತ್ತಿದ್ದರು. ಅದಕ್ಕೇ ಮುಚ್ಚುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಈ ಶಿಕ್ಷೆ ಕೆಟ್ಟ ಮಾತಿಗೆ ಮಾತ್ರ ಎಂದು ತಿಳಿದುಕೊಂಡಿದ್ದೆ. ಭಾನುವಾರ ಬೆಳಗ್ಗೆ ಎದ್ದವಳೇ ಮನೆಮನೆಗೆ ಹೋದೆ. ಹಾಲಿನ ಡೈರಿಯ ಹತ್ತಿರ ನಿಂತ ಹೆಂಗಸರು, ಪಂಕಜ ಟೀಚರು, ಹೊಲಿಗೆ ಕ್ಲಾಸಿನವರು, ಎಲ್ಲರ ಕೈ ಹಿಡಿದು ಕೇಳಿದೆ. ಜೀವಮಾನದಲ್ಲಿ ಯಾರನ್ನೂ ಏನೂ ಕೇಳಿದವಳಲ್ಲ ನಾನು.

"ಸಿನಿಮಾ ನಾವು ನೋಡಿಲ್ವಲ್ಲ ಇಂದ್ರಾಣಮ್ಮ," ಎಂದರು ಪಂಕಜ ಟೀಚರು.

"ಆಮೇಲೆ ನೋಡ್ಕೊಂಡ್ರಾಯ್ತು ಟೀಚರ್. ಒಳ್ಳೇದು ಹೇಳೋಕೆ ನೋಡ್ಲೇಬೇಕಾ? ಹನ್ನೆರಡು ಗಂಟೆಗೆ ಎಲ್ಲರೂ ಐದು ಒತ್ತಿಬಿಡಿ. ನನ್ನ ಮಾತು ಉಳಿಸಿ."

ರುದ್ರಮುನಿಯ ಮೆಸೇಜಿಗೂ ನನ್ನ ಮಾತಿಗೂ ಗಂಟೆಯೊಂದೇ ಬೇರೆ.

ಹನ್ನೆರಡಕ್ಕೆ ನಾನು ಖಾಲಿ ಹಾಲಿನಲ್ಲಿ, ಆರನೇ ಸಾಲಿನ ಕುರ್ಚಿಯ ಪಕ್ಕ, ಫೋನು ಹಿಡಿದು ನಿಂತಿದ್ದೆ. ಠಪ್, ಠಪ್ ಎಂದು ಶುರುವಾಯಿತು. ಈ ರುದ್ರಮುನಿಯ ಪಟಾಲಂ ಉಳಿದವನ್ನೂ ಬಿಡುವುದಿಲ್ಲ ಎಂದು ಬೈದುಕೊಂಡು, ಗಾಬರಿಯಲ್ಲಿ ಐದನೇ ಸ್ಟಾರಿನ ಮೇಲೆ ಹೆಬ್ಬೆರಳು ಒತ್ತಿದೆ. ನಾನು ಒರೆಸಿಟ್ಟಿದ್ದ ಕುರ್ಚಿ ನನ್ನ ಸೊಂಟಕ್ಕೆ ತಾಗುವ ಹಾಗೆ ಮಡಚಿಕೊಂಡಿತು. ಅದೇ ಕೊನೆಯದು. ಟಾರ್ಚ್ ಬಿಟ್ಟು ನೋಡಿದೆ. ಪಂಕಜ. ಗೌರಮ್ಮ. ಶಾಹೀನಾ. ಸುಶೀಲಾಬಾಯಿ. ಹೀಗೆ ಮೂವತ್ತೊಂದು ಹೆಸರು. ಮೂವತ್ತೆರಡನೆಯದು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ದಪ್ಪ ಅಕ್ಷರದಲ್ಲಿ, ಇಂದ್ರಾಣಿ. ಸೆರಗಿನಿಂದ ಉಜ್ಜಿದೆ, ಎಂಜಲು ಹಚ್ಚಿ ಉಜ್ಜಿದೆ. ಹೋಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಬೇರೆಯವರಿಗೆ ಎಷ್ಟು ಸಲ ಅಂದಿದ್ದೆನೋ.

ವನಮಾಲ ಒಂದೂ ಕಾಲಿಗೆ ಬಂದಳು. ಬಸ್ಸಿನಲ್ಲೇ ಬಂದಿದ್ದಳು. ಕೂದಲು ಗಂಡಸರ ಹಾಗೆ ಚಿಕ್ಕದು, ಅರ್ಧ ಬೆಳ್ಳಗಾಗಿತ್ತು. ನನ್ನ ಕೈಗೆ ಟಿಕೆಟ್ ಕೊಟ್ಟಳು. ಹರಿದು ಅರ್ಧ ವಾಪಸ್ ಕೊಟ್ಟೆ.

"ಚೆನ್ನಾಗಿದ್ದೀಯಾ?" ಎಂದಳು.

"ಹೂಂ," ಎಂದೆ. ಇಪ್ಪತ್ತಾರು ವರ್ಷ ಕಾದು ಕೂಡಿಸಿಟ್ಟ ಮಾತುಗಳಲ್ಲಿ ಹೊರಗೆ ಬಂದದ್ದು ಅದೊಂದೇ.

ಕುರ್ಚಿಗಳೆಲ್ಲ ಮುಚ್ಚಿದ ವಿಷಯವನ್ನು ಸಾಹುಕಾರರು ಆಗಲೇ ಅವಳಿಗೆ ಕೈ ಮುಗಿದು ಹೇಳಿದ್ದರು. ನೆಲದ ಮೇಲೆ ಚಾಪೆ ಹಾಸಿಕೊಂಡು ಏಳೆಂಟು ಜನ ಕೂತಿದ್ದರು. ಅಭ್ಯಾಸಬಲದಿಂದ ನಾನು ಟಾರ್ಚ್ ಹಚ್ಚಿ ಅವಳ ಮುಂದೆ ನಡೆದೆ, ಅಭ್ಯಾಸಬಲದಿಂದಲೇ ಆರನೇ ಸಾಲಿಗೆ ಬಂದು ನಿಂತೆ, ಬೆಳಕು ನೇರವಾಗಿ ಆ ಕುರ್ಚಿಯ ಬೆನ್ನಿನ ಮೇಲೆ ಬಿತ್ತು. ಈ ಊರಿನಲ್ಲಿ ಹುಟ್ಟಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಬಗ್ಗಿ ಓದಿದಳು.

"ಅಕ್ಕಾ, ನೀನೂ ನೋಡಿಲ್ವಾ?"

ನಾನು ಟಾರ್ಚ್ ಆರಿಸಿದೆ.

"ಎಷ್ಟು ಕೊಟ್ಟೆ?"

"ಐದು."

ಅವಳು ನಕ್ಕ ಹಾಗೆ ಕೇಳಿಸಿತು. "ನಾನು ಚಿಕ್ಕೋಳಿದ್ದಾಗ ಏನಾಯ್ತು ಅಂತ ಕೇಳ್ದೇನೇ ಹೊಡೀತಿದ್ದೆ. ಈಗ ನೋಡ್ದೇನೇ ಐದು ಕೊಡ್ತೀಯ. ಅವ್ರು ನನಗೆ ಒಂದು ಕೊಟ್ರಲ್ಲಕ್ಕ, ಅದು ನನಗೆ ಇಷ್ಟು ನೋಯ್ಲಿಲ್ಲ."

ಇಂಟರ್‌ವಲ್‌ವರೆಗೆ ಗೋಡೆಗೆ ಒರಗಿ ನಿಂತೇ ನೋಡಿದಳು. ನಾನು ವರಾಂಡದಲ್ಲಿದ್ದೆ. ಹೊರಗೆ ಬಂದವಳು ಟಿಕೆಟ್ಟಿನ ಹರಿದ ತುಂಡಿನ ಮೇಲೆ ಫೋನ್ ನಂಬರ್ ಬರೆದು ನನ್ನ ಕೈಗಿಟ್ಟಳು. "ನೋಡಿ ಆದ್ಮೇಲೆ ಮಾಡು. ಬೈದ್ರೂ ಪರವಾಗಿಲ್ಲ. ನೋಡ್ದೆ ಮಾಡ್ಬೇಡ," ಎಂದಳು. ಮೂರೂವರೆ ಬಸ್ಸಿಗೆ ಹೋದಳು. ನಾನು ಬಸ್ ಸ್ಟ್ಯಾಂಡಿನವರೆಗೂ ಹೋಗಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.

ಸೋಮವಾರ, ಮಂಗಳವಾರ, ಬುಧವಾರ ಕತ್ತರಿಯವರೆಗೆ ನೋಡುವುದು, ಹೊರಗೆ ಬರುವುದು. ಪಂಕಜ ಟೀಚರು ಬಂದು ನೆಲದ ಮೇಲೆ ಕೂತು ನೋಡಿ, ಕಣ್ಣೊರೆಸಿಕೊಂಡು, ತಮ್ಮ ಕುರ್ಚಿ ತೆರೆಸಿಕೊಂಡು ಹೋದರು. ಹೋಗುವಾಗ, "ನೀವು ನೋಡ್ಬೇಕು ಇಂದ್ರಾಣಮ್ಮ," ಎಂದರು. ರುದ್ರಮುನಿಯ ಕಡೆಯವರು ಯಾರೂ ಬರಲಿಲ್ಲ. ಶುಕ್ರವಾರ ಎಲ್ಲ ಕುರ್ಚಿಯೂ ತಾನಾಗಿ ತೆರೆಯುತ್ತದೆ, ಯಾರ ಹೆಸರೂ ಉಳಿಯುವುದಿಲ್ಲ, ನನ್ನದೂ. ಆಮೇಲೆ ನೋಡಬೇಕೆಂದರೂ ಸಿನಿಮಾ ಇರುವುದಿಲ್ಲ, ಆ ನಂಬರಿಗೆ ಫೋನ್ ಮಾಡುವ ಮುಖವೂ ನನಗಿರುವುದಿಲ್ಲ.

ಗುರುವಾರ ಮಧ್ಯಾಹ್ನದ ಆಟಕ್ಕೆ ಒಬ್ಬರೂ ಬರಲಿಲ್ಲ. ಸಾಹುಕಾರರು ಆಟ ನಿಲ್ಲಿಸಿ ಎಂದರು. ಯಂತ್ರ ನೋಡಿಕೊಳ್ಳುವ ಖಾಜಾ ಸಾಬರು ಮೇಲಿನ ಕಿಂಡಿಯಿಂದ ತಲೆ ಹಾಕಿ ಕೂಗಿದರು. "ಒಬ್ರು ಇದ್ದಾರೆ ಸಾಹುಕಾರ್ರೆ. ಇಂದ್ರಾಣಿ, ಟಾರ್ಚ್ ಅಲ್ಲಿಡು. ಹೋಗಿ ಕೂತ್ಕೋ. ನೀನು ಎದ್ದು ಹೋದ್ರೆ ನಾನು ಅಲ್ಲಿಗೇ ನಿಲ್ಲಿಸ್ತೀನಿ, ಬರೋವರ್ಗೂ ಮುಂದಕ್ಕೆ ಬಿಡಲ್ಲ."

ಕೂತೆ. ಇನ್ನೂರ ಹನ್ನೆರಡು ಕುರ್ಚಿಗಳ ಹಾಲಿನಲ್ಲಿ, ಆರನೇ ಸಾಲಿನ ನನ್ನ ಹೆಸರಿನ ಕುರ್ಚಿಯ ಮುಂದೆ, ನೆಲದ ಮೇಲೆ ನಾನೊಬ್ಬಳು. ಕತ್ತರಿ ಬಂತು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕಣ್ಣು ಬಿಟ್ಟುಕೊಂಡೇ ಇದ್ದೆ. ಆ ಹುಡುಗಿ ಕೂಗಲಿಲ್ಲ, ವನಮಾಲಳೂ ಅವತ್ತು ಕೂಗಿರಲಿಲ್ಲ. ಜಡೆ ಬಿತ್ತು. ಹುಡುಗಿ ಎದ್ದು ಹೋದಳು. ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಇಲ್ಲಿಗೆ ಮುಗಿಯುತ್ತದೆ, ಇನ್ನು ಊರೆಲ್ಲ ನನ್ನನ್ನು ರಾಕ್ಷಸಿ ಎನ್ನಲಿ ಎಂದುಕೊಂಡೆ.

ಮುಗಿಯಲಿಲ್ಲ. ಚಿತ್ರ ಈಗ ಬಾಗಿಲಿನ ಸಂದಿಯಿಂದ ಕಾಣುತ್ತಿತ್ತು, ಹದಿನೈದು ವರ್ಷದವಳು ಬಗ್ಗಿ ನಿಂತರೆ ಕಣ್ಣು ಬರುವಷ್ಟು ಎತ್ತರದಿಂದ. ಒಳಗೆ ಅಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕೂದಲು ಆರಿಸುತ್ತಿದ್ದಳು. ಜಡೆಯನ್ನಷ್ಟೇ ಅಲ್ಲ, ಉದುರಿದ ಒಂದೊಂದು ಎಳೆಯನ್ನೂ. ಒರಳಿನ ಪಕ್ಕಕ್ಕೆ ಹೋದದ್ದನ್ನು ಕೈ ಹಾಕಿ ತೆಗೆದಳು. ಎಲ್ಲವನ್ನೂ ಅಮ್ಮನ ಹಳೆ ರವಿಕೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, ಸದ್ದು ಹೊರಗೆ ಹೋಗಬಾರದೆಂದು ಮುಷ್ಟಿ ಕಚ್ಚಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಅತ್ತಳು. ನಾನು ಅಷ್ಟೇ ಹೊತ್ತು ಅತ್ತಿದ್ದೆ. ಹಾಗೆಯೇ ತೂಗಾಡಿದ್ದೆ. ಅದನ್ನು ಯಾರೂ ಕಂಡಿಲ್ಲವೆಂದು ಮೂವತ್ತು ವರ್ಷ ತಿಳಿದುಕೊಂಡಿದ್ದೆ. ಅವಳು ನೋಡಿದ್ದಳು.

ಆಮೇಲೆ ನಾನು ಎಷ್ಟು ಅತ್ತೆನೆಂದರೆ, ಮೇಲಿನಿಂದ ಖಾಜಾ ಸಾಬರು, "ನಿಲ್ಲಿಸ್ಲಾ?" ಎಂದು ಕೇಳಿದರು. ಬೇಡ ಎಂದು ಕೈ ಆಡಿಸಿದೆ. ಶುಭಂವರೆಗೂ ನೋಡಿದೆ. ನನ್ನ ಹೆಸರಿನ ಕುರ್ಚಿ ಕಿರ್ ಎಂದು ಬಿಚ್ಚಿಕೊಂಡಿತು. ನಾನು ಅದರಲ್ಲಿ ಕೂರುವಷ್ಟು ಹೊತ್ತೂ ತಡೆಯದೆ ವರಾಂಡಕ್ಕೆ ಬಂದು, ಟಿಕೆಟ್ಟಿನ ತುಂಡು ನೋಡಿಕೊಂಡು ನಂಬರ್ ಒತ್ತಿದೆ.

"ನೋಡಿದೆ," ಎಂದೆ.

"ಪೂರ್ತಿ?"

"ಪೂರ್ತಿ."

"ಈಗೆಷ್ಟು ಕೊಡ್ತೀಯ?"

"ಮೂರು."

"ಮೂರಾ?"

"ಎರಡನೇ ಅರ್ಧ ತುಂಬಾ ಎಳೆದ್ಬಿಟ್ಟಿದ್ದೀಯ. ಆ ಬಸ್ಸು ಎಷ್ಟು ಹೊತ್ತಾದ್ರೂ ಊರು ಮುಟ್ಟಲ್ಲ. ಆಮೇಲೆ, ನಾನು ಯಾವತ್ತೂ ಅಷ್ಟು ಕೆಟ್ಟದಾಗಿ ಸೀರೆ ಉಟ್ಟವಳಲ್ಲ."

ಅತ್ತ ಕಡೆ ಅವಳು ಜೋರಾಗಿ ನಕ್ಕಳು. ನಗುತ್ತ ನಗುತ್ತ ಅದು ಅಳುವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಕೇಳಿದಳು. "ಅಕ್ಕಾ, ಒಂದು ಮಾತು. ಆ ಕೂದ್ಲು ಆಮೇಲೆ ಏನ್ಮಾಡ್ದೆ? ನಾನು ಅಷ್ಟೊತ್ತಿಗೆ ಬಾಗಿಲಿಂದ ಓಡಿಹೋಗಿದ್ದೆ. ಗೊತ್ತಿಲ್ಲದ್ದನ್ನ ತೋರಿಸಬಾರ್ದು ಅಂತ ಸಿನಿಮಾದಲ್ಲಿ ಅಲ್ಲಿಗೇ ಬಿಟ್ಬಿಟ್ಟೆ."

"ದಿಂಬಿಗೆ ತುಂಬ್ದೆ," ಎಂದೆ. "ಇವತ್ತಿಗೂ ಅದರ ಮೇಲೇ ತಲೆ ಇಟ್ಟು ಮಲಗೋದು."

ಅವಳು ಫೋನ್ ಇಡಲಿಲ್ಲ. ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ನಾನೂ ಫೋನ್ ಇಡಲಿಲ್ಲ.